ಪ್ರಾಸ್ಟೇಟ್ ಹಿಗ್ಗಿದಾಗ ಮಾತ್ರೆ: ಯಾವುದು, ಯಾರಿಗೆ, ಎಷ್ಟು ಕಾಲ

ಐವತ್ತು ದಾಟಿದ ಗಂಡಸರು ಮೂತ್ರದ ತೊಂದರೆಯನ್ನು ಮನೆಯಲ್ಲಿ ಹೇಳಿಕೊಳ್ಳುವುದೇ ಕಡಿಮೆ. ಹೇಳಿಕೊಂಡರೂ “ವಯಸ್ಸಾಯಿತಲ್ಲ” ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಇನ್ನು ಕೆಲವರು ಸ್ಕ್ಯಾನಿಂಗ್ ವರದಿಯಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದೆ ಎಂಬ ಒಂದು ಸಾಲನ್ನು ಕಂಡೊಡನೆ ಗಾಬರಿಬಿದ್ದು, ನೆರೆಮನೆಯವರು ನುಂಗುತ್ತಿರುವ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತಾರೆ. ವೈದ್ಯರು ಬರೆದುಕೊಟ್ಟ ಮಾತ್ರೆ ಏನು ಮಾಡಬೇಕು, ಎಷ್ಟು ದಿನದಲ್ಲಿ ಮಾಡಬೇಕು, ಮಾಡದಿದ್ದರೆ ಯಾವಾಗ ಹಿಂತಿರುಗಿ ಹೋಗಿ ಕೇಳಬೇಕು ಎಂಬುದು ರೋಗಿಗೂ ಮನೆಯವರಿಗೂ ಗೊತ್ತಿರಲಿ ಎಂಬುದು ಈ ಲೇಖನದ ಉದ್ದೇಶ. ಈ ತೊಂದರೆಗೆ ಕೊಡುವ ಮಾತ್ರೆಗಳಲ್ಲಿ ಒಂದು ಬಗೆ ದಿನಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಇನ್ನೊಂದು ತಿಂಗಳುಗಳ ಲೆಕ್ಕದಲ್ಲಿ. ಈ ವ್ಯತ್ಯಾಸ ತಿಳಿಯದೆ ಅರ್ಧಕ್ಕೇ ಬಿಟ್ಟವರೂ ಉಂಟು, ಉಪಯೋಗವಿಲ್ಲದಿದ್ದರೂ ವರ್ಷಗಟ್ಟಲೆ ನುಂಗುತ್ತಾ ಬಂದವರೂ ಉಂಟು.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದುಕೊಂಡಿರುತ್ತದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದು ಬೆಳೆಯುವುದು ಬಹುಮಟ್ಟಿಗೆ ಎಲ್ಲರಲ್ಲೂ ಕಂಡುಬರುವ ಸಂಗತಿ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಇದರಿಂದ ಮೂತ್ರದ ಹಾದಿಗೆ ಎರಡು ಬಗೆಯ ಅಡ್ಡಿ ಬರುತ್ತದೆ. ಗ್ರಂಥಿಯೊಳಗಿನ ಮತ್ತು ಮೂತ್ರಕೋಶದ ಕತ್ತಿನಲ್ಲಿರುವ ಸ್ನಾಯುಗಳು ಬಿಗಿದುಕೊಂಡು ನಾಳವನ್ನು ಹಿಂಡುವುದು ಒಂದು; ಗ್ರಂಥಿಯ ಗಾತ್ರವೇ ಹೆಚ್ಚಿ ನಾಳವನ್ನು ಒತ್ತುವುದು ಇನ್ನೊಂದು. ಇದರ ಮೇಲೆ, ವರ್ಷಾನುಗಟ್ಟಲೆ ಈ ಅಡ್ಡಿಯ ವಿರುದ್ಧ ಒತ್ತಿ ಒತ್ತಿ ಮೂತ್ರಕೋಶದ ಸ್ವಭಾವವೂ ಬದಲಾಗಿ, ಸ್ವಲ್ಪ ತುಂಬಿದರೂ ಅವಸರಪಡಿಸತೊಡಗುತ್ತದೆ. ಬಿಗಿತ, ಗಾತ್ರ, ಮೂತ್ರಕೋಶದ ಅವಸರ ಎಂಬ ಈ ಮೂರಕ್ಕೂ ಬೇರೆ ಬೇರೆ ಔಷಧಿಗಳಿವೆ. ಮುಂದಿನ ವಿಷಯವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ಹೆಜ್ಜೆ: ತೊಂದರೆಯನ್ನು ಅಳೆಯುವುದು

ವೈದ್ಯರ ಬಳಿಗೆ ಹೋಗುವ ಮುನ್ನ ಮೂರು ದಿನ ಒಂದು ಲೆಕ್ಕವನ್ನು ಬರೆದಿಡಬೇಕು. ಅಳತೆಯ ಗುರುತುಗಳಿರುವ ಒಂದು ಪ್ಲಾಸ್ಟಿಕ್ ಜಗ್ಗನ್ನು ಬಚ್ಚಲಲ್ಲಿ ಇದಕ್ಕೆಂದೇ ಇಟ್ಟುಕೊಂಡು, ಪ್ರತಿಸಲ ಮೂತ್ರ ಮಾಡಿದ ಹೊತ್ತು ಮತ್ತು ಪ್ರಮಾಣವನ್ನು, ಜೊತೆಗೆ ಕುಡಿದ ನೀರು, ಕಾಫಿ, ಮಜ್ಜಿಗೆಯನ್ನೂ ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಮುಜುಗರವೆನಿಸುವ ಕೆಲಸವೇ ಹೌದು. ಆದರೂ ಸಾವಿರಾರು ರೂಪಾಯಿಯ ಪರೀಕ್ಷೆಗಳು ಹೇಳದ ಸಂಗತಿಯನ್ನು ಈ ಎರಡು ಪುಟಗಳು ಹೇಳಬಲ್ಲವು.

ಉದಾಹರಣೆಗೆ, ಪುಟದಲ್ಲಿ ಹೀಗೆ ಇದೆ ಎಂದುಕೊಳ್ಳಿ: ರಾತ್ರಿ 12.30ಕ್ಕೆ 350 ಮಿ.ಲೀ., 2.45ಕ್ಕೆ 400 ಮಿ.ಲೀ., ಬೆಳಗ್ಗೆ 5ಕ್ಕೆ 350 ಮಿ.ಲೀ. ಇಷ್ಟು ಮೂತ್ರ ಬರುತ್ತಿರುವವರ ಮೂತ್ರಕೋಶ ಚೆನ್ನಾಗಿಯೇ ತುಂಬಿಕೊಳ್ಳುತ್ತಿದೆ. ಅವರ ದೇಹ ರಾತ್ರಿಯಲ್ಲಿ ಅತಿಯಾಗಿ ಮೂತ್ರವನ್ನು ತಯಾರಿಸುತ್ತಿದೆ. ವಯಸ್ಸಾದವರಲ್ಲಿ ಇಡೀ ದಿನದ ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯಲ್ಲೇ ಆಗುತ್ತಿದ್ದರೆ ಇದೇ ಕಾರಣವೆಂದು ಊಹಿಸಬಹುದು. ಹಗಲಲ್ಲಿ ಕಾಲು ಊದಿಕೊಂಡು ರಾತ್ರಿ ಮಲಗಿದಾಗ ಆ ನೀರು ಇಳಿದು ಬರುವುದು, ನಿಯಂತ್ರಣದಲ್ಲಿಲ್ಲದ ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆಯ ತೊಂದರೆ, ಊಟದಲ್ಲಿ ಅತಿಯಾದ ಉಪ್ಪು ಇವೆಲ್ಲ ಇದರ ಹಿಂದೆ ಇರಬಹುದು. ಇಂಥವರಿಗೆ ಪ್ರಾಸ್ಟೇಟಿನ ಮಾತ್ರೆಯನ್ನು ಎಷ್ಟು ಕೊಟ್ಟರೂ ರಾತ್ರಿ ಏಳುವುದು ತಪ್ಪುವುದಿಲ್ಲ. ಅದೇ ಪುಟದಲ್ಲಿ 80, 100, 90 ಮಿ.ಲೀ. ಎಂಬ ಅಂಕಿಗಳಿದ್ದರೆ ಕಥೆ ಬೇರೆ: ಒಂದೋ ಮೂತ್ರಕೋಶ ಅವಸರಪಡುತ್ತಿದೆ, ಇಲ್ಲವೇ ಅದು ಪೂರ್ತಿ ಖಾಲಿಯಾಗದೆ ಅರ್ಧ ತುಂಬಿಕೊಂಡೇ ಇದೆ.

ಇದರ ಜೊತೆಗೆ ವೈದ್ಯರು ಬಳಸುವ ಏಳು ಪ್ರಶ್ನೆಗಳ ಒಂದು ಅಂತರರಾಷ್ಟ್ರೀಯ ಪಟ್ಟಿ ಇದೆ. ಪೂರ್ತಿ ಖಾಲಿಯಾಗಲಿಲ್ಲವೆಂಬ ಭಾವನೆ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು, ಧಾರೆ ನಿಂತು ನಿಂತು ಬರುವುದು, ತಡೆದುಕೊಳ್ಳಲಾಗದಿರುವುದು, ಧಾರೆ ತೆಳ್ಳಗಾಗಿರುವುದು, ಶುರುವಾಗಲು ತಿಣುಕಬೇಕಾಗುವುದು, ರಾತ್ರಿ ಏಳುವುದು ಇವುಗಳಿಗೆ ತಲಾ 0ಯಿಂದ 5ರವರೆಗೆ ಅಂಕ. ಒಟ್ಟು 7ರವರೆಗೆ ಬಂದರೆ ಅಲ್ಪ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ಬದುಕಿನ ಉಳಿದ ದಿನಗಳಲ್ಲೂ ಮೂತ್ರದ ಸ್ಥಿತಿ ಹೀಗೆಯೇ ಇದ್ದರೆ ನಿಮಗೆ ಹೇಗನಿಸುತ್ತದೆ? ನನ್ನ ದೃಷ್ಟಿಯಲ್ಲಿ ಏಳು ಪ್ರಶ್ನೆಗಳಿಗಿಂತ ಇದೇ ಮುಖ್ಯ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಬಹುಪಾಲು ನಿರ್ಧರಿಸಬೇಕಾದದ್ದು ಸ್ಕ್ಯಾನಿಂಗಿನ ಅಳತೆಗಿಂತ ಈ ಉತ್ತರ. ಗ್ರಂಥಿ 60 ಗ್ರಾಂ ಇದ್ದರೂ ನಿಶ್ಚಿಂತೆಯಾಗಿರುವವರಿದ್ದಾರೆ. 25 ಗ್ರಾಂ ಇದ್ದು ಬಸ್ಸಿನ ಪ್ರಯಾಣವನ್ನೇ ಬಿಟ್ಟವರೂ ಇದ್ದಾರೆ.

ಎರಡನೆಯ ಹೆಜ್ಜೆ: ಮನೆಯಲ್ಲಿರುವ ಮಾತ್ರೆಗಳ ಡಬ್ಬಿ ತೆರೆಯುವುದು

ಹೊಸ ಮಾತ್ರೆ ಸೇರಿಸುವ ಮುನ್ನ ಹಳೆಯವನ್ನು ನೋಡಬೇಕು. ಶೀತ, ಮೂಗುಕಟ್ಟಿಗೆಂದು ಚೀಟಿ ಇಲ್ಲದೆಯೇ ತಂದುಕೊಳ್ಳುವ ಮಾತ್ರೆಗಳಲ್ಲಿ ಫೀನೈಲ್‌ಎಫ್ರಿನ್ ಮತ್ತು ಕ್ಲೋರ್‌ಫೆನಿರಮೈನ್ ಇರುವುದು ಬಹಳ ಸಾಮಾನ್ಯ. ಮೊದಲನೆಯದು ಮೂತ್ರಕೋಶದ ಕತ್ತನ್ನು ಬಿಗಿಯಾಗಿಸುತ್ತದೆ, ಎರಡನೆಯದು ಮೂತ್ರಕೋಶದ ಒತ್ತುವ ಬಲವನ್ನು ಕುಗ್ಗಿಸುತ್ತದೆ. ಹೇಗೋ ನಡೆದುಕೊಂಡು ಹೋಗುತ್ತಿದ್ದವರಿಗೆ ಎರಡು ದಿನದ ಶೀತದ ಮಾತ್ರೆಯಿಂದಲೇ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ನರನೋವಿಗೆ, ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಸಾಲಿಗೆ ಸೇರುತ್ತದೆ. ಸಂಜೆ ತೆಗೆದುಕೊಳ್ಳುವ ನೀರಿಳಿಸುವ ಮಾತ್ರೆ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಅದನ್ನು ಬೆಳಗಿನ ಹೊತ್ತಿಗೆ ಬದಲಾಯಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಸಕ್ಕರೆ ಕಾಯಿಲೆಗೆ ಈಗ ಹೆಚ್ಚಾಗಿ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರದ ಪ್ರಮಾಣವೇ ಹೆಚ್ಚುತ್ತದೆ. ಇವುಗಳಲ್ಲಿ ಯಾವುದನ್ನೂ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ (ಸ್ಟ್ರಿಪ್) ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದು ತೋರಿಸುವುದು ಒಳ್ಳೆಯ ಕ್ರಮ.

ಮಲಬದ್ಧತೆಯೂ ಮೂತ್ರದ ತೊಂದರೆಯನ್ನು ಹೆಚ್ಚಿಸುತ್ತದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಮೂರನೆಯ ಹೆಜ್ಜೆ: ಪರೀಕ್ಷೆಗಳು, ಮತ್ತು ಮಾತ್ರೆಗೆ ಮೊದಲೇ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಸಾಮಾನ್ಯವಾಗಿ ಮೂತ್ರ ಪರೀಕ್ಷೆ, ರಕ್ತದಲ್ಲಿ ಸಕ್ಕರೆ ಮತ್ತು ಕಿಡ್ನಿಯ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಇವಿಷ್ಟು ಸಾಕಾಗುತ್ತವೆ. ಸ್ಕ್ಯಾನಿಂಗ್ ಮಾಡುವಾಗ, ಮೂತ್ರ ಮಾಡಿ ಬಂದ ನಂತರ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅಳೆದು ಬರೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಗ್ರಂಥಿಯ ಗಾತ್ರದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಈ ಅಂಕಿ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು) ರಕ್ತಪರೀಕ್ಷೆ ಕ್ಯಾನ್ಸರಿನ ಸುಳಿವು ಕೊಡಬಲ್ಲದಾದರೂ, ಗ್ರಂಥಿ ಬರೀ ಹಿಗ್ಗಿದ್ದರೂ, ಸೋಂಕು ತಗುಲಿದ್ದರೂ ಅದು ಏರುತ್ತದೆ. ಹಾಗಾಗಿ ಒಂದು ಅಂಕಿಯನ್ನು ನೋಡಿ ಬೆಚ್ಚಬೇಕಾಗಿಲ್ಲ. ಆದರೆ ಮಾತ್ರೆ ಶುರುಮಾಡುವ ಮುನ್ನ ಒಮ್ಮೆ ಇದನ್ನು ಮಾಡಿಸಿ ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಮೂತ್ರದಲ್ಲಿ ರಕ್ತ, ಚಳಿಜ್ವರದೊಂದಿಗೆ ಉರಿಮೂತ್ರ, ಮೂತ್ರವೇ ಬಾರದಿರುವುದು, ಕಾರಣವಿಲ್ಲದ ತೂಕ ಇಳಿಕೆಯೊಂದಿಗೆ ಬೆನ್ನಿನ ಮೂಳೆನೋವು ಇವುಗಳಲ್ಲಿ ಯಾವುದಿದ್ದರೂ ಮಾತ್ರೆಯ ಮಾತು ಆಮೇಲೆ, ಮೊದಲು ಮೂತ್ರರೋಗ ತಜ್ಞರು. ರಾತ್ರಿ ನಿದ್ರೆಯಲ್ಲಿ ಗೊತ್ತಿಲ್ಲದೆಯೇ ಹಾಸಿಗೆ ಒದ್ದೆಯಾಗುವುದನ್ನೂ ಈ ಪಟ್ಟಿಗೆ ಸೇರಿಸಬೇಕು. ಅದನ್ನು ಮನೆಯವರು ಮರೆವಿನ ಲಕ್ಷಣವೆಂದೋ ಸೋಮಾರಿತನವೆಂದೋ ತಿಳಿದು ಸುಮ್ಮನಾಗುವುದುಂಟು. ನಿಜದಲ್ಲಿ ನೋವಿಲ್ಲದೆಯೇ ಮೂತ್ರಕೋಶ ತುಂಬಿ ತುಳುಕುತ್ತಿರಬಹುದು. ಹೀಗಾದಾಗ ಒತ್ತಡ ಹಿಂದಕ್ಕೆ ಹರಿದು ಕಿಡ್ನಿಗಳು ಸದ್ದಿಲ್ಲದೆ ಕೆಡುತ್ತಿರುತ್ತವೆ.

ಲಕ್ಷಣಗಳು ಅಲ್ಪವಾಗಿದ್ದು, ಪರೀಕ್ಷೆಗಳು ಸರಿಯಾಗಿದ್ದು, ತೊಂದರೆ ಹೆಚ್ಚೇನೂ ಕಾಡದಿದ್ದರೆ ಮಾತ್ರೆಯನ್ನೇ ಶುರುಮಾಡದೆ ವರ್ಷಕ್ಕೊಮ್ಮೆ ತೋರಿಸಿಕೊಂಡಿದ್ದರೂ ಸಾಕು. ಮಲಗುವ ಎರಡು ಮೂರು ಗಂಟೆ ಮೊದಲು ನೀರು ಕಡಿಮೆ ಮಾಡುವುದು, ಸಂಜೆಯ ಕಾಫಿ, ಚಹಾ, ಮದ್ಯವನ್ನು ಬಿಡುವುದು, ಒಮ್ಮೆ ಮಾಡಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಂತು ಮತ್ತೊಮ್ಮೆ ಪ್ರಯತ್ನಿಸುವುದು ಇವು ಕೆಲವರಿಗೆ ಅಚ್ಚರಿಪಡುವಷ್ಟು ನೆಮ್ಮದಿ ಕೊಡುತ್ತವೆ. ಹಗಲಲ್ಲಿ ನೀರನ್ನೇ ಬಿಟ್ಟುಬಿಡುವುದು ಮಾತ್ರ ಸಲ್ಲದು.

ನಾಲ್ಕನೆಯ ಹೆಜ್ಜೆ: ಬಿಗಿತ ಸಡಿಲಿಸುವ ಮಾತ್ರೆ

ಹೆಚ್ಚಿನವರಿಗೆ ಮೊದಲು ಬರೆಯುವುದು ಆಲ್ಫಾ ಬ್ಲಾಕರ್ ಎಂಬ ಗುಂಪಿನ ಔಷಧಿ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವುದು 0.4 ಮಿ.ಗ್ರಾಂ. ಟ್ಯಾಮ್ಸುಲೋಸಿನ್, ಇದರ ಜೊತೆಗೆ 8 ಮಿ.ಗ್ರಾಂ. ಸಿಲೋಡೋಸಿನ್ ಮತ್ತು 10 ಮಿ.ಗ್ರಾಂ. ಆಲ್ಫುಜೋಸಿನ್ ಕೂಡ ಇವೆ. ಇವು ಗ್ರಂಥಿಯ ಮತ್ತು ಮೂತ್ರಕೋಶದ ಕತ್ತಿನ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಗ್ರಂಥಿಯನ್ನು ಒಂದಿಷ್ಟೂ ಕುಗ್ಗಿಸುವುದಿಲ್ಲ. ಆದ್ದರಿಂದ ಆರು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಗಾತ್ರ ಹಾಗೆಯೇ ಇದೆ ಎಂದು ನಿರಾಶರಾಗಬೇಕಾಗಿಲ್ಲ. ಪರಿಣಾಮ ಕೆಲವೇ ದಿನಗಳಲ್ಲಿ ಕಾಣತೊಡಗಿ, ನಾಲ್ಕು ವಾರಗಳ ಹೊತ್ತಿಗೆ ಇದರಿಂದ ಎಷ್ಟು ಉಪಯೋಗವೆಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಆಗ ಆ ಏಳು ಪ್ರಶ್ನೆಗಳಿಗೆ ಮತ್ತೆ ಅಂಕ ಹಾಕಿ ಹಳೆಯದರೊಂದಿಗೆ ಹೋಲಿಸಬೇಕು. ಏನೂ ವ್ಯತ್ಯಾಸವಿಲ್ಲದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಚೀಟಿಯಲ್ಲಿ ಸಾಮಾನ್ಯವಾಗಿ 0–0–1 ಎಂದು ಬರೆದಿರುತ್ತಾರೆ, ಅಂದರೆ ರಾತ್ರಿ ಒಂದು. ಇಲ್ಲಿ ಊಟದ ಜೊತೆಗಿನ ಸಂಬಂಧ ಮುಖ್ಯ. ಟ್ಯಾಮ್ಸುಲೋಸಿನ್ ಅನ್ನು ದಿನವೂ ಒಂದೇ ಊಟದ ನಂತರ, ಸುಮಾರು ಅರ್ಧ ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಸಿಲೋಡೋಸಿನ್ ಮತ್ತು ಆಲ್ಫುಜೋಸಿನ್ ಅನ್ನು ಊಟದೊಂದಿಗೇ. ಟ್ಯಾಮ್ಸುಲೋಸಿನ್ ಅನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರಿ ತಲೆಸುತ್ತು ಬರುವ ಸಂಭವ ಏರುತ್ತದೆ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳನ್ನು ಹಿಡಿಯುವವರು ಇದನ್ನು ಮೊದಲೇ ವೈದ್ಯರಿಗೆ ತಿಳಿಸಿ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಒಳಿತು. ಟ್ಯಾಮ್ಸುಲೋಸಿನ್ ಕ್ಯಾಪ್ಸೂಲನ್ನು ಒಡೆಯಬಾರದು, ಆಲ್ಫುಜೋಸಿನ್ ಮಾತ್ರೆಯನ್ನು ಅರ್ಧ ಮಾಡಬಾರದು, ಅಗಿಯಬಾರದು. ಅವು ನಿಧಾನವಾಗಿ ಕರಗುವಂತೆ ತಯಾರಾದವು.

ಮೊದಲ ರಾತ್ರಿಯ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ಈ ಔಷಧಿಗಳು ರಕ್ತನಾಳಗಳನ್ನೂ ಸ್ವಲ್ಪ ಸಡಿಲಿಸುವುದರಿಂದ, ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರಬಹುದು. ರಾತ್ರಿ ಎರಡು ಗಂಟೆಗೆ, ಅರೆನಿದ್ರೆಯಲ್ಲಿ, ಒಂದಕ್ಕೆ ಅವಸರವಾಗಿ, ದೀಪ ಹಾಕದೆ ಬಚ್ಚಲಿನ ಒದ್ದೆ ನೆಲದ ಕಡೆಗೆ ಓಡುವ ಎಪ್ಪತ್ತೈದರ ಹಿರಿಯರಿಗೆ ಇದರಿಂದ ಆಗಬಹುದಾದ ನಷ್ಟ ಸಣ್ಣದಲ್ಲ. ತೊಡೆಯ ಮೂಳೆ ಮುರಿದರೆ ಪ್ರಾಸ್ಟೇಟಿನ ತೊಂದರೆ ಮರೆತೇಹೋಗುತ್ತದೆ. ಆದ್ದರಿಂದ ಎಚ್ಚರವಾದ ಕೂಡಲೇ ಏಳದೆ, ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಬಿಟ್ಟು ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ಎದ್ದು ನಿಲ್ಲಬೇಕು. ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುತ್ತಿರಲಿ. ರಾತ್ರಿಯಲ್ಲಾದರೂ ಕುಳಿತೇ ಮೂತ್ರ ಮಾಡುವುದು ಲೇಸು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲ ಎರಡು ವಾರ ಕುಳಿತಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ಅಳೆಯಿಸಿಕೊಳ್ಳಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕು. ಹಳೆಯ ಔಷಧಿಗಳಾದ ಟೆರಾಜೋಸಿನ್, ಡಾಕ್ಸಾಜೋಸಿನ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವನ್ನು ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಕೆಲವು ದಿನ ತಪ್ಪಿದ್ದರೆ ಹಳೆಯ ಪ್ರಮಾಣಕ್ಕೇ ನೇರವಾಗಿ ಮರಳದೆ ವೈದ್ಯರನ್ನು ಕೇಳಿ ಮತ್ತೆ ಮೊದಲಿನಿಂದ ಆರಂಭಿಸಬೇಕು.

ವೀರ್ಯ ಹೊರಬಾರದಿರುವುದು ಅಥವಾ ಬಹಳ ಕಡಿಮೆಯಾಗುವುದು ಇನ್ನೊಂದು ಅಡ್ಡಪರಿಣಾಮ. ಸಿಲೋಡೋಸಿನ್‌ನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಇದರಿಂದ ದೇಹಕ್ಕೆ ಹಾನಿಯಿಲ್ಲ, ಮಾತ್ರೆ ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ. ಆದರೆ ಮೊದಲೇ ಹೇಳದಿದ್ದರೆ ಗಾಬರಿಯಾಗುವುದು ಸಹಜ, ನಾಚಿಕೊಂಡು ಕೇಳದೆ ಮಾತ್ರೆ ಬಿಡುವುದೂ ಸಹಜ. ಮೂಗುಕಟ್ಟುವಿಕೆಯೂ ಕೆಲವರಲ್ಲಿ ಕಾಣುತ್ತದೆ. ಅದಕ್ಕೆಂದು ಶೀತದ ಮಾತ್ರೆ ನುಂಗಿದರೆ ಏನಾಗುತ್ತದೆ ಎಂಬುದನ್ನು ಆಗಲೇ ಹೇಳಿಯಾಯಿತು. ಕಿಡ್ನಿ ದುರ್ಬಲವಾಗಿರುವವರಿಗೆ ಸಿಲೋಡೋಸಿನ್ ಪ್ರಮಾಣವನ್ನು ಕಡಿಮೆ ಮಾಡಬೇಕಾಗುತ್ತದೆ, ತೀರಾ ದುರ್ಬಲವಾಗಿದ್ದರೆ ಕೊಡುವಂತಿಲ್ಲ. ಸೋಂಕಿಗೆ ಕೊಡುವ ಕ್ಲಾರಿಥ್ರೋಮೈಸಿನ್, ಕೀಟೋಕೊನಜೋಲ್‌ನಂಥ ಔಷಧಿಗಳು ಈ ಗುಂಪಿನ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುವುದರಿಂದ, ಬೇರೆ ಕಾಯಿಲೆಗೆ ಬೇರೆ ವೈದ್ಯರಲ್ಲಿ ಹೋದಾಗಲೂ ಈ ಮಾತ್ರೆಯ ಹೆಸರನ್ನು ಹೇಳಬೇಕು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಇದೆ. ಈ ಮಾತ್ರೆಗಳು, ಅದರಲ್ಲೂ ಟ್ಯಾಮ್ಸುಲೋಸಿನ್, ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನೂ ತಟ್ಟುತ್ತವೆ. ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕಿರಿದಾಗಿ, ಅದರ ಸುತ್ತಲಿನ ಪರದೆ ಜೋಲುಬಿದ್ದು ವೈದ್ಯರಿಗೆ ತೊಡಕಾಗುತ್ತದೆ. 2005ರಲ್ಲಿ ಇದು ವೈದ್ಯಲೋಕದ ಗಮನಕ್ಕೆ ಬಂತು. ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿದರೂ ಈ ಪರಿಣಾಮ ಪೂರ್ತಿ ಹೋಗುವುದಿಲ್ಲ; ಆದರೆ ಮೊದಲೇ ಗೊತ್ತಿದ್ದರೆ ನೇತ್ರ ವೈದ್ಯರು ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಉಚಿತ ನೇತ್ರ ಶಿಬಿರಕ್ಕೆ ಹೋಗುವ ಹಿರಿಯರ ಜೊತೆ ಮಾತ್ರೆಯ ಪಟ್ಟಿಯನ್ನೂ ಕಳುಹಿಸಿ. ಪೊರೆ ತೆಗೆಸುವ ದಿನ ಗೊತ್ತಾಗಿದ್ದರೆ ಪ್ರಾಸ್ಟೇಟಿನ ಈ ಮಾತ್ರೆಯನ್ನು ಅದು ಮುಗಿದ ಮೇಲೆ ಶುರುಮಾಡಬಹುದೇ ಎಂದೂ ಕೇಳಬಹುದು.

ಐದನೆಯ ಹೆಜ್ಜೆ: ಗಾತ್ರ ಕುಗ್ಗಿಸುವ ಮಾತ್ರೆ

1970ರ ದಶಕದಲ್ಲಿ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯ ಕೆಲವು ಕುಟುಂಬಗಳ ಬಗ್ಗೆ ವೈದ್ಯರು ಅಧ್ಯಯನ ಮಾಡಿದರು. ಅಲ್ಲಿ ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಂಡ ಕೆಲವರು ಹರೆಯದಲ್ಲಿ ಗಂಡಾಗಿ ಬೆಳೆಯುತ್ತಿದ್ದರು. ಅವರ ಪ್ರಾಸ್ಟೇಟ್ ಮಾತ್ರ ಕೊನೆಯವರೆಗೂ ಪುಟ್ಟದಾಗಿಯೇ ಉಳಿಯುತ್ತಿತ್ತು. ಟೆಸ್ಟೋಸ್ಟಿರೋನ್ ಹಾರ್ಮೋನನ್ನು ಇನ್ನಷ್ಟು ಪ್ರಬಲವಾದ ಡಿಎಚ್‌ಟಿ ಎಂಬ ರೂಪಕ್ಕೆ ಬದಲಾಯಿಸುವ ಕಿಣ್ವ ಅವರಲ್ಲಿ ಕೊರತೆಯಾಗಿತ್ತು. ಪ್ರಾಸ್ಟೇಟನ್ನು ಬೆಳೆಸುವುದು ಈ ಡಿಎಚ್‌ಟಿ ಎಂಬುದು ತಿಳಿದ ಮೇಲೆ ಆ ಕಿಣ್ವವನ್ನು ತಡೆಯುವ ಔಷಧಿ ಹುಟ್ಟಿಕೊಂಡಿತು. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 5 ಮಿ.ಗ್ರಾಂ. ಫಿನಾಸ್ಟರೈಡ್ ಮೊದಲನೆಯದು, 0.5 ಮಿ.ಗ್ರಾಂ. ಡ್ಯುಟಾಸ್ಟರೈಡ್ ಅನಂತರ ಬಂದದ್ದು.

ಇವು ಗ್ರಂಥಿಯನ್ನು ಸುಮಾರು ನಾಲ್ಕನೇ ಒಂದು ಭಾಗದಷ್ಟು ಕುಗ್ಗಿಸುತ್ತವೆ, ಆದರೆ ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಮೊದಲ ತಿಂಗಳಲ್ಲಿ ಏನೂ ಆಗಲಿಲ್ಲವೆಂದು ಬಿಡುವುದು ಈ ಮಾತ್ರೆಯ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಗ್ರಂಥಿ ನಿಜವಾಗಿ ದೊಡ್ಡದಿರುವವರಿಗೆ, ಅಂದರೆ ಸುಮಾರು 30–40 ಗ್ರಾಂಗಿಂತ ಹೆಚ್ಚಿರುವವರಿಗೆ, ಇದು ಸಲ್ಲುತ್ತದೆ. ಸಣ್ಣ ಗ್ರಂಥಿಯವರಿಗೆ ಅಡ್ಡಪರಿಣಾಮವನ್ನು ಮಾತ್ರ ಕೊಟ್ಟಂತಾಗುತ್ತದೆ. ಬಿಗಿತ ಸಡಿಲಿಸುವ ಮಾತ್ರೆಗೆ ಇಲ್ಲದ ಒಂದು ಗುಣ ಇದಕ್ಕಿದೆ: 1998ರಲ್ಲಿ ಪ್ರಕಟವಾದ, 3,040 ಗಂಡಸರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನದಲ್ಲಿ ಫಿನಾಸ್ಟರೈಡ್ ತೆಗೆದುಕೊಂಡವರಲ್ಲಿ ಮೂತ್ರ ಕಟ್ಟಿಕೊಳ್ಳುವುದೂ ಶಸ್ತ್ರಚಿಕಿತ್ಸೆಯ ಅಗತ್ಯವೂ ಅರ್ಧಕ್ಕಿಂತ ಕಡಿಮೆಯಾದವು. ಎರಡೂ ಬಗೆಯನ್ನು ಒಟ್ಟಿಗೆ ಕೊಟ್ಟು ನೋಡಿದ, 2003ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕಾಯಿಲೆ ಮುಂದುವರಿಯುವ ಸಂಭವ ಶೇ. 66ರಷ್ಟು ಇಳಿಯಿತು. ಇದರಿಂದಾಗಿಯೇ ದೊಡ್ಡ ಗ್ರಂಥಿ ಮತ್ತು ಹೆಚ್ಚಿನ ತೊಂದರೆ ಎರಡೂ ಇರುವವರಿಗೆ ಟ್ಯಾಮ್ಸುಲೋಸಿನ್, ಡ್ಯುಟಾಸ್ಟರೈಡ್ ಎರಡೂ ಸೇರಿರುವ ಒಂದೇ ಮಾತ್ರೆಯನ್ನು ಬರೆಯುತ್ತಾರೆ.

ಇಲ್ಲಿ ಔಷಧಿ ಅಂಗಡಿಯಲ್ಲಾಗುವ ಒಂದು ಗೊಂದಲವನ್ನು ಹೇಳಬೇಕು. ಯುರಿಮ್ಯಾಕ್ಸ್ ಎಂದರೆ ಟ್ಯಾಮ್ಸುಲೋಸಿನ್ ಒಂದೇ. ಯುರಿಮ್ಯಾಕ್ಸ್-ಡಿ ಎಂದರೆ ಅದರೊಂದಿಗೆ ಡ್ಯುಟಾಸ್ಟರೈಡ್. ಯುರಿಮ್ಯಾಕ್ಸ್-ಎಫ್ ಎಂದರೆ ಟ್ಯಾಮ್ಸುಲೋಸಿನ್ ಜೊತೆಗೆ ಫಿನಾಸ್ಟರೈಡ್. ಬೇರೆ ಕಂಪನಿಗಳ ಮಾತ್ರೆಗಳಲ್ಲೂ ಹೀಗೆಯೇ ಒಂದಕ್ಷರದ ಅಂತರವಿರುತ್ತದೆ. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಔಷಧಿಯ ಮೂಲ ಹೆಸರು ಇರುತ್ತದೆ, ಅದನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಹಳೆಯ ಟ್ಯಾಮ್ಸುಲೋಸಿನ್ ಪಟ್ಟಿಯೂ ಹೊಸ ಜೋಡಿ ಮಾತ್ರೆಯೂ ಮನೆಯಲ್ಲಿದ್ದು, ಎರಡನ್ನೂ ನುಂಗಿದರೆ ಒಂದೇ ಔಷಧಿ ದುಪ್ಪಟ್ಟಾಗುತ್ತದೆ. ಮೂಲ ಹೆಸರು ಗೊತ್ತಿದ್ದರೆ ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಿಯನ್ನು ಬಹಳ ಕಡಿಮೆ ಬೆಲೆಗೆ ಕೊಳ್ಳಬಹುದು. ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗೆ ಇದು ಸಣ್ಣ ಉಳಿತಾಯವಲ್ಲ.

ಈ ಮಾತ್ರೆಯ ಅಡ್ಡಪರಿಣಾಮಗಳು ಹೆಚ್ಚಾಗಿ ಲೈಂಗಿಕ ಜೀವನಕ್ಕೆ ಸಂಬಂಧಿಸಿದವು: ಆಸಕ್ತಿ ಕುಗ್ಗುವುದು, ನಿಮಿರುವಿಕೆ ಕಡಿಮೆಯಾಗುವುದು, ವೀರ್ಯದ ಪ್ರಮಾಣ ಇಳಿಯುವುದು. ಎದೆಯ ಭಾಗ ಊದಿಕೊಂಡು ಮುಟ್ಟಿದರೆ ನೋಯುವುದೂ ಉಂಟು. ಅಲ್ಲಿ ಗಂಟು ಕಂಡರೆ ತೋರಿಸಬೇಕು. ಮನಸ್ಸು ಕುಗ್ಗಿದಂತಾದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರು ಒಡೆದ ಫಿನಾಸ್ಟರೈಡ್ ಮಾತ್ರೆಯನ್ನಾಗಲಿ ಸೋರುವ ಡ್ಯುಟಾಸ್ಟರೈಡ್ ಕ್ಯಾಪ್ಸೂಲನ್ನಾಗಲಿ ಮುಟ್ಟಬಾರದು, ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆಯಾಗಬಹುದು. ಮಾವನವರಿಗೆ ಮಾತ್ರೆ ಬಿಡಿಸಿಕೊಡುವ ಸೊಸೆ ಗರ್ಭಿಣಿಯಾಗಿರುವ ಮನೆಗಳಲ್ಲಿ ಈ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಡ್ಯುಟಾಸ್ಟರೈಡ್ ನಿಲ್ಲಿಸಿದ ಆರು ತಿಂಗಳವರೆಗೆ, ಫಿನಾಸ್ಟರೈಡ್ ನಿಲ್ಲಿಸಿದ ಒಂದು ತಿಂಗಳವರೆಗೆ ರಕ್ತದಾನ ಮಾಡಬಾರದೆಂಬ ನಿಯಮವೂ ಇದೇ ಕಾರಣದಿಂದ ಬಂದದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಮಾತ್ರೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು. ಪ್ರಯೋಗಾಲಯದವರಿಗೆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲವಾದ್ದರಿಂದ ಅವರು ಸಹಜವೆಂದೇ ಮುದ್ರಿಸಿ ಕಳುಹಿಸುತ್ತಾರೆ. ಮಾತ್ರೆ ನಡೆಯುತ್ತಿರುವಾಗ, ಇಳಿದಿದ್ದ ಅಂಕಿ ಮತ್ತೆ ಏರತೊಡಗಿದರೆ, ಎಷ್ಟೇ ಚಿಕ್ಕ ಅಂಕಿಯಾಗಿರಲಿ, ಕಾರಣ ಹುಡುಕಬೇಕು. ಶುರುಮಾಡುವ ಮುನ್ನಿನ ವರದಿಯನ್ನು ಜೋಪಾನ ಮಾಡಿ ಎಂದದ್ದು ಇದಕ್ಕಾಗಿ. ಕೂದಲು ಉದುರುವಿಕೆಗೆಂದು 1 ಮಿ.ಗ್ರಾಂ. ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿರುವವರಲ್ಲೂ ಪಿಎಸ್‌ಎ ಹೀಗೆಯೇ ಇಳಿಯುತ್ತದೆ.

ಉಳಿದ ಔಷಧಿಗಳು

ಧಾರೆ ಚೆನ್ನಾಗಿಯೇ ಇದ್ದು ಅವಸರ, ಪದೇಪದೇ ಹೋಗುವುದು ಮಾತ್ರ ಉಳಿದಿದ್ದರೆ ಮೂತ್ರಕೋಶವನ್ನು ಶಾಂತಗೊಳಿಸುವ ಸೋಲಿಫೆನಾಸಿನ್, ಟೋಲ್ಟೆರೋಡಿನ್, ಮಿರಾಬೆಗ್ರಾನ್ ಮುಂತಾದವನ್ನು ಸೇರಿಸುತ್ತಾರೆ. ಮೂತ್ರಕೋಶದಲ್ಲಿ ಸುಮಾರು 150 ಮಿ.ಲೀ.ಗಿಂತ ಹೆಚ್ಚು ಉಳಿಯುತ್ತಿರುವವರಿಗೆ ಇವನ್ನು ಕೊಡುವಾಗ ಬಹಳ ಎಚ್ಚರ ಬೇಕು. ಮೊದಲೆರಡು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರಲ್ಲಿ ಗೊಂದಲ, ಮರೆವನ್ನು ಹೆಚ್ಚಿಸಬಹುದು. ಒಂದು ಬಗೆಯ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರಿಗೆ ಸಲ್ಲವು. ಮಿರಾಬೆಗ್ರಾನ್‌ನಲ್ಲಿ ಈ ತೊಂದರೆಗಳು ಕಡಿಮೆ, ಆದರೆ ಅದು ಬಿ.ಪಿ. ಏರಿಸಬಹುದು.

ನಿಮಿರುವಿಕೆಯ ತೊಂದರೆಯೂ ಇರುವವರಿಗೆ ದಿನಕ್ಕೆ 5 ಮಿ.ಗ್ರಾಂ. ಟಡಾಲಾಫಿಲ್ ಎರಡಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಗಳನ್ನು ಬಳಸುವವರು ಇದನ್ನು ಮುಟ್ಟಲೇಬಾರದು; ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯುತ್ತದೆ. ಟಡಾಲಾಫಿಲ್ ತೆಗೆದುಕೊಳ್ಳುತ್ತಿರುವವರಿಗೆ ಎದೆನೋವು ಬಂದರೆ ತುರ್ತು ಚಿಕಿತ್ಸೆಯ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಇದು, ಮನೆಯವರ ಮುಂದೆ ಹೇಳಲು ಸಂಕೋಚವಾದರೂ ಸರಿ. ರಾತ್ರಿಯ ಅತಿಮೂತ್ರಕ್ಕೆ ಡೆಸ್ಮೋಪ್ರೆಸಿನ್ ಎಂಬ ಔಷಧಿಯೂ ಇದೆ. ಅದು ರಕ್ತದ ಸೋಡಿಯಂ ಅನ್ನು ಅಪಾಯಕಾರಿಯಾಗಿ ಇಳಿಸಬಲ್ಲದಾದ್ದರಿಂದ ರಕ್ತಪರೀಕ್ಷೆಯ ನಿಗಾ ಇಲ್ಲದೆ ಹಿರಿಯರಿಗೆ ಕೊಡುವುದಲ್ಲ. ಜಾಹೀರಾತುಗಳಲ್ಲಿ ಕಾಣುವ ಸಾ ಪಾಮೆಟೊ ಎಂಬ ಗಿಡದ ಸಾರವನ್ನು ಸರಿಯಾಗಿ ನಡೆಸಿದ ಅಧ್ಯಯನಗಳಲ್ಲಿ ಪರೀಕ್ಷಿಸಿದಾಗ ಹುಸಿಮಾತ್ರೆಗಿಂತ ಮೇಲೆಂದು ಕಂಡುಬಂದಿಲ್ಲ. ಯಾವ ಬಗೆಯ ಮನೆಮದ್ದು ಮಾಡುತ್ತಿದ್ದರೂ ಪರೀಕ್ಷೆಗಳನ್ನು ಮುಂದೂಡಬಾರದು ಎಂಬುದಷ್ಟೇ ಇಲ್ಲಿ ಹೇಳಬೇಕಾದದ್ದು.

ಮುಂದುವರಿಸುವುದು, ತಪ್ಪಿಸುವುದು, ನಿಲ್ಲಿಸುವುದು

ಒಂದು ದಿನ ಮಾತ್ರೆ ಮರೆತರೆ ಅಂದೇ ನೆನಪಾದಾಗ ಊಟದ ಜೊತೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಆ ದಿನದ್ದು ಮಾತ್ರ, ಎರಡನ್ನು ಸೇರಿಸಿ ನುಂಗಬಾರದು. ಬಿಗಿತದ ಮಾತ್ರೆ ಶುರುವಾದ ನಾಲ್ಕರಿಂದ ಆರು ವಾರಕ್ಕೆ, ಗಾತ್ರದ ಮಾತ್ರೆ ಶುರುವಾದ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರನ್ನು ಕಾಣುವುದು ವಾಡಿಕೆ. ಪರಿಣಾಮ ಮಾತ್ರೆ ಇರುವವರೆಗೆ ಮಾತ್ರ: ಬಿಗಿತದ ಮಾತ್ರೆ ನಿಲ್ಲಿಸಿದರೆ ಲಕ್ಷಣಗಳು ದಿನಗಳಲ್ಲಿ ಮರಳಬಹುದು, ಗಾತ್ರದ ಮಾತ್ರೆ ನಿಲ್ಲಿಸಿದರೆ ಗ್ರಂಥಿ ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೂ ಎರಡೂ ಮಾತ್ರೆಗಳ ಮೇಲೆ ಒಂದು ವರ್ಷ ನೆಮ್ಮದಿಯಾಗಿರುವವರಲ್ಲಿ ಕೆಲವರಿಗೆ ಬಿಗಿತದ ಮಾತ್ರೆಯನ್ನು ಬಿಟ್ಟು ನೋಡಲು ಸಾಧ್ಯ. ತಲೆಸುತ್ತಿನಿಂದ ಬಳಲುವ ಹಿರಿಯರು ಇದನ್ನು ವೈದ್ಯರ ಬಳಿ ತಾವಾಗಿಯೇ ಕೇಳುವುದು ಒಳ್ಳೆಯದು, ಕೇಳದಿದ್ದರೆ ಚೀಟಿ ಹಾಗೆಯೇ ವರ್ಷಗಟ್ಟಲೆ ಮುಂದುವರಿಯುತ್ತದೆ.

ಕೆಳಹೊಟ್ಟೆ ಬಿಗಿದು ನೋಯುತ್ತಿದ್ದು ಮೂತ್ರ ಹನಿಯೂ ಬಾರದಿದ್ದರೆ, ಇನ್ನೊಂದು ಮಾತ್ರೆ ನುಂಗಿ ಬೆಳಗಾಗುವುದನ್ನು ಕಾಯಬಾರದು, ನೀರು ಕುಡಿದು ಪ್ರಯತ್ನಿಸಲೂಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ಹಾಕಿ ಮೂತ್ರ ತೆಗೆಯುತ್ತಾರೆ. ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಅನಂತರ ಬಿಗಿತ ಸಡಿಲಿಸುವ ಮಾತ್ರೆಯನ್ನು ಎರಡು ಮೂರು ದಿನ ಕೊಟ್ಟು ಕ್ಯಾತಿಟರ್ ತೆಗೆದು ನೋಡುವುದು ಕ್ರಮ. ಮಾತ್ರೆ ಕೊಡದೆ ತೆಗೆದು ನೋಡುವುದಕ್ಕಿಂತ ಹೀಗೆ ಮಾಡಿದಾಗ ತಾನಾಗಿ ಮೂತ್ರವಾಗುವ ಸಂಭವ ಹೆಚ್ಚು.

ಹೀಗೆ ಮತ್ತೆ ಮತ್ತೆ ಕಟ್ಟಿಕೊಳ್ಳುವುದು, ಮೂತ್ರಕೋಶದಲ್ಲಿ ಕಲ್ಲು, ಮರುಕಳಿಸುವ ಸೋಂಕು, ನಿಲ್ಲದ ರಕ್ತಸ್ರಾವ, ಕಿಡ್ನಿಗೆ ತಾಗಿದ ಹಾನಿ ಇವುಗಳಲ್ಲಿ ಯಾವುದಾದರೂ ಪ್ರಾಸ್ಟೇಟಿನ ಅಡ್ಡಿಯಿಂದಲೇ ಬಂದಿದ್ದರೆ ಮಾತ್ರೆಯ ಕಾಲ ಮುಗಿದಂತೆ. ಆಗ ಮೂತ್ರನಾಳದ ಮೂಲಕವೇ ಗ್ರಂಥಿಯ ಒಳಭಾಗವನ್ನು ಕೊರೆದು ಅಥವಾ ಲೇಸರಿನಿಂದ ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾ ಹೋದಷ್ಟೂ ಮೂತ್ರಕೋಶದ ಬಲ ಕುಂದುತ್ತದೆ. ಬಲ ಕುಂದಿದ ಮೇಲೆ ಅಡ್ಡಿಯನ್ನು ತೆಗೆದರೂ ಧಾರೆ ಪೂರ್ತಿ ಮರಳುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಪ್ರಾಸ್ಟೇಟಿನ ಮಾತ್ರೆಗಳನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಅವಸರದ ಲಕ್ಷಣ ಮಾತ್ರ ಕೆಲವು ವಾರಗಳಿಂದ ತಿಂಗಳುಗಳವರೆಗೆ ಉಳಿಯಬಹುದು. ಗ್ರಂಥಿಯ ಹೊರಭಾಗ ಒಳಗೇ ಉಳಿದಿರುವುದರಿಂದ, ಪಿಎಸ್‌ಎ ಪರೀಕ್ಷೆಯನ್ನು ಆಮೇಲೂ ಎಷ್ಟು ಕಾಲಕ್ಕೊಮ್ಮೆ ಮಾಡಿಸಬೇಕೆಂದು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ ಬರೆಸಿಕೊಳ್ಳಬೇಕು.